ನಿರ್ವಾತದೊಳಗೆ ಕನ್ನಡಿ ತೂಗುಹಾಕೋದು ಹೇಗೆ?

 

ಸಿಯಾಟಲ್‌ನಲ್ಲಿರುವ ನಮ್ಮ ಕೇಳುಗರೊಬ್ಬರು ಮಕ್ಕಳನ್ನು ಕರೆದುಕೊಂಡು ಹ್ಯಾನ್‌ಫರ್ಡ್‌ನ ಲೈಗೋ ನೋಡಿಕೊಂಡು ಬಂದರಂತೆ. ಮರುಭೂಮಿಯಂಥ ಬಯಲಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಎರಡು ಕೈಗಳು, ಕಾಂಕ್ರೀಟ್ ಕಮಾನಿನ ಕೆಳಗೆ ಉಕ್ಕಿನ ಕೊಳವೆ. ಅವರು ಬರೆದದ್ದು ಹೀಗೆ: "ಒಳಗಿನ ಒಂದು ಕನ್ನಡಿ ಬದಲಾಯಿಸಬೇಕಾದರೆ ತಿಂಗಳುಗಟ್ಟಲೆ ಯಂತ್ರ ನಿಲ್ಲಿಸಬೇಕು ಅಂದರು. ಯಾಕೆ ಸ್ವಾಮಿ? ಬಿಚ್ಚೋದು, ಹಾಕೋದು, ಮುಚ್ಚೋದು. ಅಷ್ಟೇ ತಾನೇ?"

ಪ್ರಶ್ನೆ ನ್ಯಾಯವಾದದ್ದೇ. ಗುರುತ್ವದ ಅಲೆಗಳ ಬಗ್ಗೆ ಮಾತು ಬಂದಾಗಲೆಲ್ಲ ಕಪ್ಪುಕುಳಿ, ಐನ್‌ಸ್ಟೈನ್, ನೊಬೆಲ್ ಅಂತ ಮೇಲಕ್ಕೇ ನೋಡುತ್ತೇವೆ. ಬಿಳಿ ಸೂಟು ಹಾಕಿಕೊಂಡು, ಉಸಿರು ಬಿಗಿಹಿಡಿದು, ಉಕ್ಕಿನ ಡಬ್ಬಿಯೊಳಗೆ ಬಗ್ಗಿ ಸ್ಕ್ರೂ ತಿರುಗಿಸುವವರ ಕಥೆ ಯಾರೂ ಹೇಳಲ್ಲ. ಇವತ್ತು ಅದನ್ನೇ ಹೇಳೋಣ. ಇದರಲ್ಲಿ ಇಟಲಿಯ ಒಂದು ಪತ್ತೇದಾರಿ ಕಥೆಯೂ ಇದೆ.

ಮೊದಲು ಚುಟುಕಾಗಿ, ಯಂತ್ರ ಏನು ಮಾಡುತ್ತದೆ ಅಂತ. ಲೇಸರ್ ಬೆಳಕನ್ನು ಎರಡಾಗಿ ಸೀಳಿ, ಲಂಬಕೋನದಲ್ಲಿರುವ ಎರಡು ಕೈಗಳಿಗೆ ಕಳಿಸುತ್ತಾರೆ. ಪ್ರತಿ ಕೈಯ ತುದಿಯಲ್ಲೂ ಒಂದು ಕನ್ನಡಿ. ಬೆಳಕು ಹೋಗಿ ಬಂದು ಮತ್ತೆ ಸೇರಿದಾಗ ಎರಡೂ ದಾರಿಗಳ ಉದ್ದದಲ್ಲಿ ವ್ಯತ್ಯಾಸ ಇದೆಯೇ ಅಂತ ಗೊತ್ತಾಗುತ್ತದೆ. ಗುರುತ್ವದ ಅಲೆ ಹಾದುಹೋದರೆ ಒಂದು ಕೈ ತುಸು ಹಿಗ್ಗಿ ಇನ್ನೊಂದು ತುಸು ಕುಗ್ಗುತ್ತದೆ. ಆ 'ತುಸು' ಎಷ್ಟು ಅಂದರೆ, 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಸಿಕ್ಕ ಅಲೆಯಲ್ಲಿ ಆದ ಬದಲಾವಣೆ ಒಂದು ಪ್ರೋಟಾನ್‌ನ ಅಗಲದ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಪರಮಾಣು ಅಲ್ಲ, ಪ್ರೋಟಾನ್.

ಇಷ್ಟು ಸೂಕ್ಷ್ಮವಾಗಿ ಅಳೆಯುವಾಗ ಬೆಳಕಿನ ದಾರಿಯಲ್ಲಿ ಗಾಳಿ ಇರಕೂಡದು. ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತಾ ಆಚೆಯ ಮರ ಕುಣಿದಂತೆ ಕಾಣುತ್ತಲ್ಲ, ಅದೇ ಇಲ್ಲಿಯೂ ಆಗುತ್ತದೆ. ಗಾಳಿ ಶಬ್ದವನ್ನೂ ಹೊತ್ತು ತರುತ್ತದೆ. ಗಾಳಿಯ ಅಣುಗಳು ಕನ್ನಡಿಗೆ ಬಡಿಯುತ್ತಲೇ ಇರುತ್ತವೆ. ಜೊತೆಗೆ ಬೆಳಕಿಗೆ ಅಡ್ಡ ಬರುವ ಧೂಳು. ಹಾಗಾಗಿ ಲೈಗೋದಲ್ಲಿ ಸುಮಾರು 10,000 ಘನ ಮೀಟರ್ ಜಾಗವನ್ನು ಖಾಲಿ ಮಾಡಿದ್ದಾರೆ. ಒಳಗಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲು. ಶುರುವಿನಲ್ಲಿ ಅಷ್ಟೂ ಗಾಳಿ ಹೊರಹಾಕಲು 40 ದಿನ ಹಿಡಿಯಿತು.

ಗಾಳಿ ತೆಗೆದರೆ ಸಾಕು ಅಂದುಕೊಳ್ಳಬೇಡಿ, ನಿಜವಾದ ತಲೆನೋವು ಗೋಡೆಗಳದ್ದು. ಮಲೆನಾಡಿನ ಮನೆ ನೆನೆಸಿಕೊಳ್ಳಿ. ಮಳೆ ನಿಂತು ವಾರವಾದರೂ ಗೋಡೆ ಥಂಡಿ, ಹಾಸಿಗೆ ಥಂಡಿ, ಪೆಟ್ಟಿಗೆಯೊಳಗಿನ ಸೀರೆಗೂ ಮುಗ್ಗಲು ವಾಸನೆ. ಉಕ್ಕೂ ಹಾಗೇ. ಕಣ್ಣಿಗೆ ಒಣಗಿ ಹೊಳೆಯುತ್ತಿದ್ದರೂ ಅದರ ಮೈಗೆ ನೀರಿನ ಅಣುಗಳು ಪದರ ಪದರವಾಗಿ ಅಂಟಿಕೊಂಡಿರುತ್ತವೆ. ಗಾಳಿ ತೆಗೆದ ಮೇಲೆ ಅವು ಒಂದೊಂದಾಗಿ ಕಳಚಿಕೊಂಡು ಬರುತ್ತಲೇ ಇರುತ್ತವೆ, ವಾರಗಟ್ಟಲೆ. ಲೈಗೋದ ಉದ್ದ ಕೊಳವೆಗಳನ್ನು ಕಟ್ಟಿದಾಗ ಅವುಗಳನ್ನು 150ರಿಂದ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಂದು ತಿಂಗಳು ಹಾಗೇ ಇಟ್ಟಿದ್ದರು. ನಾಲ್ಕು ಕಿಲೋಮೀಟರ್ ಉದ್ದದ ಒಲೆ ಅನ್ನಿ. ಕನ್ನಡಿಗಳಿರುವ ಚೇಂಬರ್‌ಗಳನ್ನು ಮಾತ್ರ ಹಾಗೆ ಸುಡೋಕಾಗಲ್ಲ, ಒಳಗೆ ನಾಜೂಕಿನ ಸಾಮಾನು ತುಂಬಿರುತ್ತದೆ. ಆದ್ದರಿಂದ ಒಳಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ಮೊದಲೇ ತೊಳೆದು, ಬೇಯಿಸಿ, ಪರೀಕ್ಷಿಸಿ ಕಳಿಸಬೇಕು.

ಪ್ರತಿಯೊಂದು ಅಂದರೆ ಪ್ರತಿಯೊಂದು. ಒಂದು ಸ್ಕ್ರೂ ತೆಗೆದುಕೊಳ್ಳಿ. ಅಂಗಡಿಯ ಸ್ಕ್ರೂ ಮೇಲೆ ಎಣ್ಣೆ ಇರುತ್ತದೆ. ನಿರ್ವಾತದಲ್ಲಿ ಅದು ಆವಿಯಾಗಿ, ಇದ್ದಬದ್ದ ಕಡೆ ಬಿಟ್ಟು ಕನ್ನಡಿಯ ಮೇಲೇ ಕೂರಬಹುದು. ಸರಿ, ಎಣ್ಣೆ ಪೂರ್ತಿ ತೆಗೆದುಬಿಟ್ಟರೆ? ಉಕ್ಕಿಗೆ ಉಕ್ಕು ಉಜ್ಜಿ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಬಿಚ್ಚೋಕೆ ಬರಲ್ಲ. ಅದಕ್ಕೆ ಬೆಳ್ಳಿ ಲೇಪಿಸಿದ ಸ್ಕ್ರೂ ಬಳಸುತ್ತಾರೆ. ಇನ್ನೊಂದು ಗೋಜು: ತಳ ಮುಚ್ಚಿದ ತೂತಿಗೆ ಸ್ಕ್ರೂ ಬಿಗಿದರೆ ತಳದಲ್ಲಿ ಚೂರು ಗಾಳಿ ಸಿಕ್ಕಿಕೊಳ್ಳುತ್ತದೆ. ಮರೆಯ ಸಂದಿಯಿಂದ ಅದು ತಿಂಗಳುಗಟ್ಟಲೆ ಸೋರುತ್ತಾ ಇದ್ದರೆ ಹೊರಗಿನವರು ಚೇಂಬರ್‌ಗೆ ತೂತು ಬಿದ್ದಿದೆ ಅಂತ ಹುಡುಕಿದ್ದೇ ಹುಡುಕಿದ್ದು. ಹಾಗಾಗಿ ಸ್ಕ್ರೂವಿನ ಉದ್ದಕ್ಕೂ ನಡುವೆ ಸಣ್ಣ ರಂಧ್ರ ಕೊರೆದಿರುತ್ತಾರೆ, ಗಾಳಿ ಹೊರಬರಲಿ ಅಂತ. ವೈರಿನ ಹೊದಿಕೆಗೂ ಮಾಮೂಲಿ ಪ್ಲಾಸ್ಟಿಕ್ ಆಗದು. ಹೊಸ ಕಾರು ಹತ್ತಿದಾಗ ಬರುವ ಘಮ ಇದೆಯಲ್ಲ, ನಮಗೆ ಇಷ್ಟವಾದದ್ದು, ಅದು ಪ್ಲಾಸ್ಟಿಕ್ಕಿನಿಂದ ಹೊರಬರುತ್ತಿರುವ ಅನಿಲ. ನಿರ್ವಾತದ ಎಂಜಿನಿಯರಿಗೆ ಆ ವಾಸನೆ ಕಂಡರೆ ಆಗದು.

ಈಗ ಕನ್ನಡಿಗೆ ಬರೋಣ. ಕನ್ನಡಿ ಅಂದರೆ ಗೋಡೆಗೆ ಹಾಕುವ ತೆಳು ಗಾಜಲ್ಲ. ಇದು ಫ್ಯೂಸ್ಡ್ ಸಿಲಿಕಾ ಎಂಬ ಅತಿ ಶುದ್ಧ ಗಾಜಿನ ದಪ್ಪ ಬಿಲ್ಲೆ. ಅಡ್ಡಗಲ 34 ಸೆಂಟಿಮೀಟರ್, ದಪ್ಪ 20 ಸೆಂಟಿಮೀಟರ್, ತೂಕ 40 ಕೆ.ಜಿ. ಇದನ್ನು ಲೋಲಕದ ಹಾಗೆ ತೂಗುಹಾಕುತ್ತಾರೆ. ಒಂದರ ಕೆಳಗೊಂದು ನಾಲ್ಕು ಲೋಲಕ, ಕಟ್ಟಕಡೆಯದು ಕನ್ನಡಿ. ಪ್ರತಿ ಹಂತವೂ ನೆಲದ ನಡುಕವನ್ನು ಒಂದಷ್ಟು ನುಂಗಿಹಾಕುತ್ತದೆ. ಕೈಯಲ್ಲಿ ದಾರ ಹಿಡಿದು ಕೆಳಗೆ ಬೀಗದಕೈ ಕಟ್ಟಿ ಬೇಗ ಬೇಗ ಕೈ ಅಲ್ಲಾಡಿಸಿ ನೋಡಿ. ಬೀಗದಕೈ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ತತ್ತ್ವ ಅಷ್ಟೇ.

ಕೊನೆಯ ಹಂತದಲ್ಲಿ ಕನ್ನಡಿಯನ್ನು ಹಿಡಿದಿರುವುದು ನಾಲ್ಕು ಗಾಜಿನ ಎಳೆಗಳು. ಉದ್ದ 60 ಸೆಂಟಿಮೀಟರ್, ದಪ್ಪ 0.4 ಮಿಲಿಮೀಟರ್. ಮಕ್ಕಳ ಕ್ಲಿಕ್ ಪೆನ್ಸಿಲ್ಲಿನ ಕಡ್ಡಿ 0.5 ಮಿಲಿಮೀಟರ್ ಇರುತ್ತದೆ, ಇದು ಅದಕ್ಕಿಂತ ಸಣ್ಣ. ಒಂದೊಂದು ಎಳೆಯ ಮೇಲೆ 10 ಕೆ.ಜಿ. ಭಾರ. ಅಮೆರಿಕದ ಇಂಡಿಯನ್ ಸ್ಟೋರಿನಲ್ಲಿ 20 ಪೌಂಡಿನ ಸೋನಾಮಸೂರಿ ಚೀಲ ಹೊತ್ತು ಕಾರಿಗೆ ಹಾಕಿದವರಿಗೆ ಆ ಭಾರ ಗೊತ್ತು. ಅದಕ್ಕಿಂತ ತುಸು ಹೆಚ್ಚಿನದನ್ನು ಪೆನ್ಸಿಲ್ ಕಡ್ಡಿಗಿಂತ ಸಣ್ಣ ಗಾಜಿಗೆ ನೇತುಹಾಕಿದ್ದಾರೆ.

ಉಕ್ಕಿನ ತಂತಿ ಹಾಕಬಾರದಿತ್ತೇ? ಮೊದಲು ಅದನ್ನೇ ಹಾಕಿದ್ದರು. ತೊಂದರೆ ಶಾಖದ್ದು. ಕೋಣೆಯ ಉಷ್ಣತೆಯಲ್ಲಿರುವ ಯಾವ ವಸ್ತುವಾದರೂ ಸದಾ ಕಂಪಿಸುತ್ತಿರುತ್ತದೆ, ಆ ಕಂಪನವನ್ನು ಪೂರ್ತಿ ನಿಲ್ಲಿಸೋಕಾಗಲ್ಲ. ಆದರೆ ಅದು ಯಾವ ಸ್ವರದಲ್ಲಿ ಇರಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ದೇವಸ್ಥಾನದ ಒಳ್ಳೆ ಗಂಟೆ ಹೊಡೆದರೆ ಒಂದೇ ಸ್ವರ, ಬಹಳ ಹೊತ್ತು ಮೊಳಗುತ್ತದೆ. ಮಣ್ಣಿನ ಮಡಕೆ ಬಡಿದರೆ 'ಡಬ್' ಅಂತ ಎಲ್ಲ ಸ್ವರವೂ ಕಲಸಿಕೊಂಡು ಒಂದು ಕ್ಷಣಕ್ಕೆ ಮುಗಿಯುತ್ತದೆ. ಒಳಗಿನ ಘರ್ಷಣೆ ಕಡಿಮೆ ಇರುವ ವಸ್ತುವಿನಲ್ಲಿ ಶಾಖದ ಕಂಪನವೂ ಗಂಟೆಯ ಹಾಗೆ ಕೆಲವೇ ಸ್ವರಗಳಲ್ಲಿ ಒಟ್ಟಾಗುತ್ತದೆ, ಉಳಿದ ಕಡೆ ಮೌನ. ಆ ಮೌನದಲ್ಲಿ ಅಲೆಯನ್ನು ಕೇಳಬೇಕು. ಫ್ಯೂಸ್ಡ್ ಸಿಲಿಕಾ ಬಹಳ ಒಳ್ಳೆಯ ಗಂಟೆ. ಉಕ್ಕು ಅಷ್ಟಲ್ಲ.

ಗಂಟೆಯ ಮಾತು ಬಂತಲ್ಲ, ಒಂದು ಅಡ್ಡಮಾತು. ಕಪ್ಪುಕುಳಿಯನ್ನು ಅಲುಗಿಸಿದರೆ ಅದೂ ತನ್ನದೇ ಸ್ವರದಲ್ಲಿ ಮೊಳಗಿ ತಣ್ಣಗಾಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ. ಬೆಂಗಳೂರಿನ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರು ಅವರೇ. ನಮ್ಮಲ್ಲಿ ಹಲವರು ಶಾಲೆಯಿಂದ ಸಾಲಾಗಿ ಹೋಗಿ ಕತ್ತಲಲ್ಲಿ ನಕ್ಷತ್ರ ನೋಡಿದ ಜಾಗ. ಮೊದಲ ಗುರುತ್ವದ ಅಲೆ ಸಿಕ್ಕ ಸುದ್ದಿಯನ್ನು ಅವರು ಕೇಳಿದರು, 2017ರ ಜನವರಿಯಲ್ಲಿ ತೀರಿಕೊಂಡರು.

ಸರಿ, ಎಳೆಗೆ ವಾಪಸ್. ಗಾಜಿನ ಎಳೆ ಇಷ್ಟು ಭಾರ ಹೇಗೆ ತಡೆಯುತ್ತೆ, ಗಾಜು ಒಡೆಯೋ ವಸ್ತು ಅಲ್ವಾ? ಗಾಜು ಕತ್ತರಿಸುವವರನ್ನು ನೋಡಿದ್ದರೆ ಉತ್ತರ ಅಲ್ಲೇ ಇದೆ. ಅವರು ವಜ್ರದ ಮೊನೆಯಿಂದ ಬರೀ ಒಂದು ಗೀರು ಎಳೆಯುತ್ತಾರೆ, ಆಮೇಲೆ ಮೆಲ್ಲಗೆ ಒತ್ತಿದರೆ ಗೀರಿನ ಗುಂಟ ಟಕ್ ಅಂತ ಸೀಳುತ್ತದೆ. ಗಾಜು ಒಡೆಯೋದು ಗೀರಿನಿಂದ. ಗೀರೇ ಇಲ್ಲದ ಗಾಜು ಉಕ್ಕಿಗಿಂತ ಗಟ್ಟಿ. ಮೂರು ಮಿಲಿಮೀಟರ್ ದಪ್ಪದ ಸಿಲಿಕಾ ಕಡ್ಡಿಯನ್ನು ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಕಾಯಿಸಿ ಎಳೆದಾಗ ಹೊಸದಾಗಿ ಹುಟ್ಟುವ ಎಳೆಯ ಮೈ ನುಣುಪಾಗಿ, ಗೀರಿಲ್ಲದೆ ಇರುತ್ತದೆ. ಈ ಕೌಶಲ್ಯ ಬೆಳೆದದ್ದು ಹೆಚ್ಚಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ. ಮೊದಲು ದೊಡ್ಡದಾಗಿ ಬಳಸಿದ್ದು ಜರ್ಮನಿಯಲ್ಲಿ, ಹ್ಯಾನೋವರ್ ಹತ್ತಿರದ ಜಿಯೋ 600ರಲ್ಲಿ.

ಆ ಎಳೆಯನ್ನು ಹುಟ್ಟಿದ ಕ್ಷಣದಿಂದ ಯಾವುದೂ ಮುಟ್ಟಕೂಡದು. ಬೆರಳು ಬಿಡಿ, ಬಟ್ಟೆಯೂ ಸೋಕಬಾರದು. ದಪ್ಪಗೆ ಉಳಿಸಿಕೊಂಡ ಎರಡು ತುದಿಗಳನ್ನು ಮಾತ್ರ ಹಿಡಿದು ಸಾಗಿಸಿ, ಕನ್ನಡಿಯ ಪಕ್ಕಕ್ಕೆ ಮೊದಲೇ ಅಂಟಿಸಿದ ಗಾಜಿನ 'ಕಿವಿ'ಗಳಿಗೆ ಮತ್ತೆ ಲೇಸರ್‌ನಲ್ಲೇ ಬೆಸುಗೆ ಹಾಕುತ್ತಾರೆ. ಗಾಜಿಗೆ ಗಾಜೇ ಬೆರೆತು ಒಂದಾಗಬೇಕು. ಗೋಂದು ಇಲ್ಲ, ಕ್ಲಿಪ್ ಇಲ್ಲ.

ಇಷ್ಟು ಆದ ಮೇಲೆ ಚೇಂಬರ್ ತೆರೆಯುವ ಕೆಲಸ. ಉದ್ದ ಕೊಳವೆಗೂ ಚೇಂಬರ್‌ಗೂ ನಡುವೆ ದೊಡ್ಡ ಗೇಟ್ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿದರೆ ಕೊಳವೆಯ ನಿರ್ವಾತ ಹಾಗೇ ಉಳಿಯುತ್ತದೆ. ಒಂದು ಕಡೆ ನಿರ್ವಾತ, ಇನ್ನೊಂದು ಕಡೆ ಗಾಳಿ. ಒಂದು ಮೀಟರ್ ಅಗಲದ ಮುಚ್ಚಳದ ಮೇಲೂ ಗಾಳಿ ಸುಮಾರು ಎಂಟು ಟನ್ ಬಲದಿಂದ ಒತ್ತುತ್ತದೆ. ಒಳಗೆ ಬಿಡುವ ಗಾಳಿ ಕೋಣೆಯದ್ದಲ್ಲ, ಒಣಗಿಸಿ ಶೋಧಿಸಿದ್ದು. ಥಂಡಿ ಗಾಳಿ ಬಿಟ್ಟರೆ ಗೋಡೆಗೆ ಮತ್ತೆ ನೀರು ಅಂಟುತ್ತದೆ. ಅದನ್ನೂ ಬಹಳ ನಿಧಾನವಾಗಿ ಬಿಡಬೇಕು. ಈ 'ನಿಧಾನ' ನೆನಪಿರಲಿ, ಇಟಲಿಯಲ್ಲಿ ಮತ್ತೆ ಬರುತ್ತದೆ.

ಬಾಗಿಲು ತೆರೆಯುವ ಮುಂಚೆ ಅದರ ಸುತ್ತ ಶೋಧಿಸಿದ ಗಾಳಿ ಬೀಸುವ ಸ್ವಚ್ಛ ಕೋಣೆ ಕಟ್ಟಿರುತ್ತಾರೆ. ಒಳಗೆ ಹೋಗುವವರ ವೇಷ ಟಿ.ವಿ.ಯಲ್ಲಿ ನೋಡಿರುತ್ತೀರಿ: ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಮುಖಕ್ಕೆ ಮಾಸ್ಕ್, ಕೈಗೆ ಒಂದರ ಮೇಲೊಂದು ಎರಡು ಗ್ಲೌಸ್. ಮೇಕಪ್, ಸೆಂಟು, ಬಳೆ, ಉಂಗುರ ಯಾವುದೂ ಇಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ಮೂಗು ಕೆರೆದುಕೊಂಡಿರೋ, ಗ್ಲೌಸ್ ಬದಲಾಯಿಸಿ. ನೆಲಕ್ಕೆ ಬಿದ್ದ ಉಪಕರಣ ಎತ್ತಿಕೊಂಡಿರೋ, ಅದು ಮತ್ತೆ ತೊಳೆಯೋಕೆ ಹೋಗಬೇಕು, ನಿಮ್ಮ ಗ್ಲೌಸ್ ಕಸಕ್ಕೆ.

ನಮ್ಮಲ್ಲಿ ಒಬ್ಬರಿಗೆ ಇದನ್ನು ಓದಿದ ಕೂಡಲೇ ನೆನಪಾದದ್ದು ಅಜ್ಜಿಯ ಮಡಿ. ಒಗೆದು ಕೋಲಿನಲ್ಲಿ ಹರವಿದ ಸೀರೆಯನ್ನು ಕೋಲಿನಲ್ಲೇ ತೆಗೆಯಬೇಕು, ಅಪ್ಪಿತಪ್ಪಿ ಮೊಮ್ಮಗು ಬಂದು ಸೆರಗು ಹಿಡಿದರೆ ಮತ್ತೆ ಮೊದಲಿನಿಂದ ಸ್ನಾನ. ಆ ಮಡಿ ಯಾರನ್ನು ಹೊರಗಿಟ್ಟಿತು ಅನ್ನೋದು ಬೇರೆ ಮಾತು, ಅದರ ಪರ ವಹಿಸೋಕೆ ನಾವು ಹೊರಟಿಲ್ಲ. ನಿಯಮದ ರೀತಿ ಮಾತ್ರ ಒಂದೇ: ಮುಟ್ಟಿದ್ದು ಮುಟ್ಟಿದ್ದನ್ನೆಲ್ಲ ಕೆಡಿಸುತ್ತದೆ, ನಡುವೆ ರಾಜಿ ಇಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಕೆಟ್ಟಿತೋ ಇಲ್ಲವೋ ಅಂತ ಅಳೆದು ನೋಡಬಹುದು. ಗಾಳಿಯಲ್ಲಿನ ಕಣ ಎಣಿಸುವ ಯಂತ್ರ ಪಕ್ಕದಲ್ಲೇ ಇರುತ್ತದೆ. ಚೇಂಬರಿನೊಳಗೆ ಹೊಳೆಯುವ ಸಿಲಿಕಾನ್ ಬಿಲ್ಲೆಗಳನ್ನು ಸಾಕ್ಷಿಗೆ ಇಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಅವುಗಳ ಮೇಲೆ ಎಷ್ಟು ಧೂಳು ಬಿದ್ದಿದೆ ಎಂದು ನೋಡುತ್ತಾರೆ.

ಒಂದು ಧೂಳಿನ ಕಣಕ್ಕೆ ಇಷ್ಟು ಹೆದರಬೇಕಾ? ಯಂತ್ರ ನಡೆಯುವಾಗ ಕೈಗಳಲ್ಲಿ ಹಿಂದೆ ಮುಂದೆ ಓಡಾಡುವ ಬೆಳಕಿನ ಶಕ್ತಿ ಲಕ್ಷಗಟ್ಟಲೆ ವ್ಯಾಟ್. ಕನ್ನಡಿಯ ಲೇಪ ಅದರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ ಹೀರಿಕೊಳ್ಳುವ ಹಾಗೆ ಮಾಡಿದ್ದಾರೆ, ಆದ್ದರಿಂದ ಬದುಕುತ್ತದೆ. ಕಪ್ಪು ಕಣವೊಂದು ಕೂತಿದ್ದರೆ ಅದು ಅಲ್ಲೇ ಬಿಸಿಯಾಗಿ ಲೇಪವನ್ನು ಸುಡಬಹುದು. ಸುಡದಿದ್ದರೂ ಬಿಸಿಯಿಂದ ಆ ಜಾಗ ಉಬ್ಬುತ್ತದೆ, ಬೆಳಕು ಚದುರುತ್ತದೆ. ಚದುರಿದ ಬೆಳಕು ಕೊಳವೆಯ ಗೋಡೆಗೆ ತಾಗಿ, ಗೋಡೆಯ ನಡುಕವನ್ನು ಹೊತ್ತು ವಾಪಸ್ ಬಂದು ಅಳತೆಯೊಳಗೆ ಸೇರಿಕೊಳ್ಳುತ್ತದೆ. ಲೈಗೋದ ಕೆಲವು ಕನ್ನಡಿಗಳಲ್ಲಿ ಲೇಪದೊಳಗೇ ಇಂಥ ಸಣ್ಣ ಚುಕ್ಕಿಗಳು ಸಿಕ್ಕಿ, ಬೆಳಕಿನ ಶಕ್ತಿ ಏರಿಸೋಕೆ ಅವೇ ಅಡ್ಡಿಯಾದವು.

ಹಾಗಾಗಿ ಕನ್ನಡಿಯ ಮೈ ಮೇಲೆ ಕೆಲಸದ ಉದ್ದಕ್ಕೂ ಒಂದು ತೆಳು ಪಾಲಿಮರ್ ಪೊರೆ ಹಚ್ಚಿರುತ್ತಾರೆ. ದ್ರವವಾಗಿ ಬಳಿದದ್ದು ಒಣಗಿ ಚರ್ಮದಂತಾಗುತ್ತದೆ. ಕೊನೆಗೆ ಎಳೆದರೆ ಧೂಳನ್ನೂ ಕಿತ್ತುಕೊಂಡು ಇಡಿಯಾಗಿ ಸುಲಿದು ಬರುತ್ತದೆ, ಹಾಲಿನ ಕೆನೆ ಎತ್ತಿದ ಹಾಗೆ. ಆದರೆ ಸುಲಿಯುವಾಗ ಗಾಜಿನಲ್ಲಿ ವಿದ್ಯುದಂಶ ಹುಟ್ಟುತ್ತದೆ, ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಪಟ ಅನ್ನುತ್ತಲ್ಲ ಅದೇ. ವಿದ್ಯುದಂಶ ಉಳಿದರೆ ಕನ್ನಡಿ ಸುತ್ತಲಿನ ಧೂಳನ್ನು ತಾನೇ ಸೆಳೆದುಕೊಳ್ಳುತ್ತದೆ, ಮೇಲಾಗಿ ಅಕ್ಕಪಕ್ಕದ ಲೋಹದ ಕಡೆಗೆ ಸೆಳೆತವೂ ಶುರು. ಅದಕ್ಕೆ ಸುಲಿಯುವ ಹೊತ್ತಿಗೆ ಅಯಾನೀಕರಿಸಿದ ನೈಟ್ರೋಜನ್ ಊದುತ್ತಾ ಇರುತ್ತಾರೆ. ಬಾಗಿಲು ಮುಚ್ಚುವ ಮುಂಚಿನ ಕಡೇ ಕೆಲಸಗಳಲ್ಲಿ ಇದೂ ಒಂದು. ಪೊರೆ ಸುಲಿದ ಮೇಲೆ ಒಳಗೆ ಹೆಚ್ಚು ಹೊತ್ತು ನಿಲ್ಲುವಂತಿಲ್ಲ.

ನಮಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತಂದದ್ದು ಇನ್ನೊಂದು ಲೆಕ್ಕ. ಕನ್ನಡಿಯನ್ನು ಗಾಳಿಯಲ್ಲಿ ನಿಂತು ನೇರಮಾಡುತ್ತಾರೆ, ಅದು ಕೆಲಸ ಮಾಡೋದು ನಿರ್ವಾತದಲ್ಲಿ. ನೀರಿನಲ್ಲಿ ಮುಳುಗಿದ ಕೊಡ ಹಗುರ ಅನ್ನಿಸುತ್ತೆ, ಹೊರಗೆತ್ತಿದಾಗ ಭಾರ. ಗಾಳಿಯೂ ಹಾಗೇ ಎತ್ತುತ್ತದೆ, ಸ್ವಲ್ಪ. 40 ಕೆ.ಜಿ. ಸಿಲಿಕಾ 18 ಲೀಟರ್ ಜಾಗ ಹಿಡಿಯುತ್ತದೆ, ಅಷ್ಟು ಗಾಳಿಯ ತೂಕ ಸುಮಾರು 22 ಗ್ರಾಂ. ಅಂದರೆ ಗಾಳಿ ತೆಗೆದ ಕೂಡಲೇ ಕನ್ನಡಿಯೊಂದೇ 22 ಗ್ರಾಂ ಹೆಚ್ಚು ತೂಗುತ್ತದೆ! ಮೇಲಿನ ಹಂತಗಳದ್ದು ಬೇರೆ. ಅದನ್ನು ಹೊತ್ತಿರುವ ಉಕ್ಕಿನ ಸ್ಪ್ರಿಂಗ್‌ಗಳು ಅಷ್ಟಕ್ಕೇ ಚೂರು ಬಾಗುತ್ತವೆ, ಕನ್ನಡಿ ಚೂರು ಕೆಳಗಿಳಿಯುತ್ತದೆ. ಪ್ರೋಟಾನ್‌ನ ಚೂರು ಅಳೆಯುವ ಯಂತ್ರದಲ್ಲಿ ಇದು ಬೆಟ್ಟದಷ್ಟು. ಆದ್ದರಿಂದ ಗಾಳಿಯಲ್ಲಿ ಬೇಕೆಂದೇ ಅಷ್ಟು ತಪ್ಪಾಗಿ ಜೋಡಿಸಬೇಕು, ನಿರ್ವಾತದಲ್ಲಿ ಅದು ಸರಿಯಾಗಲಿ ಅಂತ.

ಕೆಲಸದ ವೇಳೆ ಕನ್ನಡಿ ಅಲುಗಾಡದಂತೆ ಸುತ್ತಲೂ ತಡೆ ಸ್ಕ್ರೂಗಳಿರುತ್ತವೆ, ಭೂಕಂಪವಾದಾಗ ಕಾಪಾಡುವುದೂ ಅವೇ. ಮುಚ್ಚುವ ಮುಂಚೆ ಒಂದೊಂದನ್ನೂ ಹಿಂದಕ್ಕೆ ತಿರುಗಿಸಿ, ಕನ್ನಡಿಗೂ ಅದಕ್ಕೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಬಿಡಬೇಕು. ಒಂದು ಮರೆತುಹೋಯಿತು, ಅಥವಾ ಆ ತೂಕದ ಲೆಕ್ಕ ತಪ್ಪಿ ಕನ್ನಡಿ ಇಳಿದು ಸ್ಕ್ರೂಗೆ ಸೋಕಿತು ಅಂದುಕೊಳ್ಳಿ. ಗೊತ್ತಾಗೋದು ಗಾಳಿ ತೆಗೆದಾದ ಮೇಲೆ. ಕಾಂತದಿಂದ ತಳ್ಳಿ ಅಲ್ಪಸ್ವಲ್ಪ ಸರಿಪಡಿಸಬಹುದು. ಆಗಲಿಲ್ಲವೋ, ಗಾಳಿ ಬಿಡು, ಬಾಗಿಲು ತೆಗೆ, ಸೂಟು ಹಾಕು, ಅರ್ಧ ಸುತ್ತು ತಿರುಗಿಸು, ಮತ್ತೆ ವಾರಗಟ್ಟಲೆ ಪಂಪು. ಸಿಯಾಟಲ್‌ನವರ "ಅಷ್ಟೇ ತಾನೇ"ಗೆ ಮುಕ್ಕಾಲು ಉತ್ತರ ಇದು.

ಉಳಿದ ಕಾಲು ಇಟಲಿಯಲ್ಲಿದೆ. ಪೀಸಾ ಊರಿನ ಹತ್ತಿರ ಕಾಶೀನಾ ಎಂಬಲ್ಲಿ ಯುರೋಪಿನ ವರ್ಗೋ ಇದೆ, ಮೂರು ಕಿಲೋಮೀಟರ್ ಕೈಗಳದ್ದು. ಅದರ ಕನ್ನಡಿಗಳು 42 ಕೆ.ಜಿ.; ಅವಕ್ಕೂ 0.4 ಮಿಲಿಮೀಟರ್ ಗಾಜಿನ ಎಳೆಗಳೇ. ಲೈಗೋ ಮೊದಲ ಅಲೆ ಹಿಡಿದಾಗ ವರ್ಗೋ ನವೀಕರಣದ ಮಧ್ಯದಲ್ಲಿತ್ತು. ಎಲ್ಲರೂ ಅದಕ್ಕೇ ಕಾಯುತ್ತಿದ್ದರು, ಯಾಕೆಂದರೆ ಎರಡು ಯಂತ್ರಗಳಿಂದ ಅಲೆ ಬಂದ ದಿಕ್ಕು ಸರಿಯಾಗಿ ತಿಳಿಯಲ್ಲ, ಮೂರನೆಯದು ಬೇಕು.

ಅಲ್ಲಿ ಎಳೆಗಳು ಮುರಿಯತೊಡಗಿದವು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಅದೂ ಹೇಗೆ, ಗಾಳಿಯಲ್ಲಿ ತೂಗುಹಾಕಿದಾಗ ಚೆನ್ನಾಗಿ ನಿಲ್ಲುತ್ತಿದ್ದವು, ನಿರ್ವಾತಕ್ಕೆ ಹೋದ ಮೇಲೆ ಪಟ್. ಎಳೆದದ್ದು ಸರಿಯಿಲ್ಲವೇ? ಬೆಸುಗೆಯೇ? ಅಂಟೇ? ಒಂದೊಂದಾಗಿ ನೋಡಿದರು, ಎಲ್ಲ ಸರಿಯಾಗೇ ಇತ್ತು. ತಿಂಗಳುಗಟ್ಟಲೆ ಕೂತು ಎಳೆದು, ಬೆಸೆದು, ನೇತುಹಾಕಿದ್ದು ಯಾರೂ ಮುಟ್ಟದೆ, ಯಾರ ಕಣ್ಣೆದುರೂ ಅಲ್ಲದೆ, ಮುಚ್ಚಿದ ಉಕ್ಕಿನ ಗೋಪುರದೊಳಗೆ ಮುರಿದು ಬೀಳೋದು. ಆ ತಂಡದವರ ಹೊಟ್ಟೆಯ ಸಂಕಟ ಊಹಿಸಿಕೊಳ್ಳಿ.

ಅತ್ತ ಲೈಗೋದ ಎರಡನೇ ವೀಕ್ಷಣಾ ಸರದಿ 2016ರ ನವೆಂಬರ್ 30ಕ್ಕೆ ಶುರುವಾಗಿಯೇಬಿಟ್ಟಿತು. ಕಾರಣ ಹುಡುಕುತ್ತಾ ಕೂತರೆ ಆ ಸರದಿಯೇ ಕೈತಪ್ಪುತ್ತದೆ. ವರ್ಗೋದವರು ಕಹಿಯಾದ ನಿರ್ಧಾರ ಮಾಡಿದರು: ಗಾಜು ಸದ್ಯಕ್ಕೆ ಬೇಡ, ಹಳೆಯ ಕಾಲದ ಉಕ್ಕಿನ ತಂತಿ ಕಟ್ಟೋಣ. ಮಡಕೆ ಸದ್ದು ಅಂತ ಗೊತ್ತಿದ್ದೂ. ಸೂಕ್ಷ್ಮತೆ ಕಮ್ಮಿಯಾಗುತ್ತೆ, ಆದರೆ ಯಂತ್ರ ನಡೆಯುತ್ತೆ. ವರ್ಗೋ ಲೈಗೋ ಜೊತೆ ಸೇರಿದ್ದು 2017ರ ಆಗಸ್ಟ್ 1ರಂದು. ಸರದಿ ಮುಗಿಯೋದು ಆಗಸ್ಟ್ 25ಕ್ಕೆ. ಸಿಕ್ಕಿದ್ದು 25 ದಿನ.

ಆಗಸ್ಟ್ 14ರಂದು ಮೂರೂ ಯಂತ್ರಗಳಿಗೆ ಒಂದೇ ಅಲೆ ಸಿಕ್ಕಿತು, ಎರಡು ಕಪ್ಪುಕುಳಿಗಳು ಕೂಡಿದ್ದು. ಲೈಗೋ ಎರಡೇ ಇದ್ದಿದ್ದರೆ ಆಕಾಶದ 1,160 ಚದರ ಡಿಗ್ರಿಯಲ್ಲಿ ಎಲ್ಲೋ ಅನ್ನಬೇಕಿತ್ತು. ವರ್ಗೋ ಸೇರಿದ್ದರಿಂದ ಅದು 60ಕ್ಕೆ ಇಳಿಯಿತು. ಮೂರೇ ದಿನ ಬಿಟ್ಟು, ಆಗಸ್ಟ್ 17ರಂದು, ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ. ಲೈಗೋದಲ್ಲಿ ಜೋರಾಗಿ ಕೇಳಿಸಿದ ಅಲೆ ವರ್ಗೋದಲ್ಲಿ ಕ್ಷೀಣ. ಅದೇ ಸುಳಿವಾಯಿತು: ವರ್ಗೋಗೆ ಸರಿಯಾಗಿ ಕೇಳಿಸದ ಕೆಲವು ದಿಕ್ಕುಗಳಿವೆ, ಹಾಗಿದ್ದರೆ ಅಲೆ ಅಲ್ಲಿಂದಲೇ ಬಂದಿರಬೇಕು. ಹುಡುಕುವ ಜಾಗ ಸುಮಾರು 28 ಚದರ ಡಿಗ್ರಿಗೆ ಇಳಿಯಿತು. ಹನ್ನೊಂದು ಗಂಟೆಯೊಳಗೆ ದೂರದರ್ಶಕಗಳಿಗೆ ಆ ಬೆಳಕಿನ ಚುಕ್ಕಿ ಸಿಕ್ಕಿತು, 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ. ಉಕ್ಕಿನ ತಂತಿಯ ಮಡಕೆ ಸದ್ದಿನ ಯಂತ್ರ, ಅದೂ ಸರಿಯಾಗಿ ಕೇಳಿಸಿಕೊಳ್ಳದೆ, ಇಷ್ಟು ಮಾಡಿತು. ಪರ್ಫೆಕ್ಟ್ ಆಗೋವರೆಗೂ ಕಾಯ್ತೀವಿ ಅಂತ ಅವರು ಕೂತಿದ್ದರೆ ಆ ರಾತ್ರಿ ದೂರದರ್ಶಕಗಳು ಇನ್ನೂ ಎಷ್ಟೋ ಆಕಾಶ ಜಾಲಾಡಬೇಕಿತ್ತು.

ಹಾಗಾದರೆ ಎಳೆ ಮುರಿದದ್ದು ಯಾಕೆ? ಅಪರಾಧಿ ಸಿಕ್ಕಿದ್ದು ಪಂಪಿನಲ್ಲಿ. ಗಾಳಿ ಹೊರಹಾಕಲು ಬಳಸುವ ಸ್ಕ್ರಾಲ್ ಪಂಪ್ ಅಂತ ಒಂದು ಬಗೆ ಇದೆ. ಎಣ್ಣೆ ಬೇಡದ ಪಂಪು ಅಂತಲೇ ಅದನ್ನು ಆರಿಸೋದು, ಎಣ್ಣೆಯ ಆವಿ ಕನ್ನಡಿಗೆ ಆಗದು ಅಂತ. ಅದರೊಳಗೆ ಸುರುಳಿಗಳ ನಡುವಿನ ಸೀಲು ಉಜ್ಜಿ ಉಜ್ಜಿ ಪುಡಿಯಾಗುತ್ತದೆ. ಅಂಥ ಪುಡಿ ಪೈಪುಗಳಲ್ಲಿ ಕೂತು, ಗಾಳಿ ಒಳಬಿಡುವಾಗ ಆ ಹರಿವಿನ ಜೊತೆ ಚೇಂಬರಿಗೆ ನುಗ್ಗುತ್ತಿತ್ತು. ಖಾಲಿ ಜಾಗದಲ್ಲಿ ಕಣವನ್ನು ತಡೆಯೋಕೆ ಗಾಳಿಯೇ ಇರಲ್ಲವಲ್ಲ. ನಮ್ಮ ಮನೆಯ ಧೂಳು ಬಿಸಿಲುಕೋಲಿನಲ್ಲಿ ತೇಲುತ್ತಾ ಇಳಿಯುತ್ತದೆ, ಅಲ್ಲಿಯ ಧೂಳು ಚಿಮ್ಮಿದ ವೇಗದಲ್ಲೇ ಹೋಗಿ ಬಡಿಯುತ್ತದೆ. ಎಳೆಗೆ ತಗುಲಿದರೆ ಒಂದು ಸಣ್ಣ ಗೀರು. 10 ಕೆ.ಜಿ. ಎಳೆತದಲ್ಲಿರುವ ಗಾಜಿಗೆ ಅಷ್ಟು ಸಾಕು. ಗಾಜು ಕತ್ತರಿಸುವವನ ವಜ್ರದ ಮೊನೆಯ ಕೆಲಸವನ್ನು ಆ ಕಣ ಮಾಡಿತ್ತು.

ಸ್ವಚ್ಛತೆಗೆಂದು ತಂದ ಪಂಪಿನಿಂದಲೇ ಧೂಳು! ಸೂಟು, ಮಾಸ್ಕು, ಎರಡೆರಡು ಗ್ಲೌಸ್ ಹಾಕಿಕೊಂಡ ಮನುಷ್ಯರ ಮೇಲೆ ಎಲ್ಲರ ಕಣ್ಣು, ಕೊಳೆ ಬಂದದ್ದು ಹಿಂಬಾಗಿಲಿನಿಂದ. ವರ್ಗೋದವರು ನಿರ್ವಾತದ ವ್ಯವಸ್ಥೆಯನ್ನು ಬದಲಿಸಿದರು, ಎಳೆಗಳ ಸುತ್ತ ಕವಚ ಇಟ್ಟರು, 2018ರಲ್ಲಿ ಮತ್ತೆ ಗಾಜಿನ ಎಳೆಗಳನ್ನೇ ಹಾಕಿದರು. 2019ರ ಏಪ್ರಿಲ್ 1ರಂದು ಮೂರನೇ ಸರದಿ ಶುರುವಾದಾಗ ವರ್ಗೋ ಗಂಟೆಯ ಸ್ವರಕ್ಕೆ ಮರಳಿತ್ತು.

ಊರ ಕಡೆಗೂ ಒಂದು ಮಾತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಲೈಗೋ-ಇಂಡಿಯಾ ಬರಲಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಪುಣೆ, ಇಂದೋರ್, ಗಾಂಧಿನಗರದ ಸಂಸ್ಥೆಗಳು ಅದರ ಹೊಣೆ ಹೊತ್ತಿವೆ. ಬೆಂಗಳೂರಿನ ಐಸಿಟಿಎಸ್‌ನಲ್ಲಿ ಅಲೆಗಳ ವಿಶ್ಲೇಷಣೆ ಮಾಡುವ ತಂಡ ಇದೆ. ಅಲ್ಲಿಯೂ ನಾಲ್ಕು ಕಿಲೋಮೀಟರ್ ಕೈಗಳು, ಅವೇ 40 ಕೆ.ಜಿ. ಕನ್ನಡಿಗಳು. ಮರಾಠವಾಡದ ಬೇಸಿಗೆಯ ಧೂಳು ಎಂಥದ್ದು ಅಂತ ಬೀದರ್, ಕಲಬುರಗಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಬಯಲಲ್ಲಿ ಒಂದು ಸ್ವಚ್ಛ ಕೋಣೆ ಕಟ್ಟಿ, ಯಾರೋ ಒಬ್ಬ ಹುಡುಗಿಯೋ ಹುಡುಗನೋ ಬಿಳಿ ಸೂಟಿನಲ್ಲಿ ಬಗ್ಗಿ ಪಾಲಿಮರ್ ಪೊರೆ ಸುಲಿಯುವ ದಿನ ಬರುತ್ತದೆ.

ಸಿಯಾಟಲ್‌ನವರೇ, ಮಕ್ಕಳಿಗೆ ಒಂದು ಪ್ರಯೋಗ ಹೇಳಿಕೊಡಿ. ಬೀಗದಕೈ, ಮೂರಡಿ ದಾರ, ಮತ್ತು ಬೇಗ ಬೇಗ ಅಲುಗಿಸುವ ಕೈ. ಮೊದಲು ಒಂದು ಲೋಲಕ, ಆಮೇಲೆ ಅದರ ಕೆಳಗೆ ಇನ್ನೊಂದು ಕಟ್ಟಿ ನೋಡಿ. ಏನಾಯಿತು ಅಂತ ನಮಗೆ ಬರೆಯಿರಿ.